ಮಗಳಿಗೊಂದು ಪತ್ರ: ಆ ಹುಡುಗಿ ಸುಮ್ಮನಿದ್ದದ್ದು ಏಕೆ?

ತೀರ್ಥಹಳ್ಳಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮಳೆ ಹಿಡಿಯುವುದರೊಳಗೆ ತೋಟಕ್ಕೆ ಔಷಧಿ ಹೊಡೆಸಿ ಮುಗಿಸಬೇಕೆಂದು ನಿನ್ನ ಅಪ್ಪಯ್ಯ ಗಡಿಬಿಡಿಯಲ್ಲಿದ್ದಾರೆ. ಕಳೆದ ಭಾನುವಾರ ಫೋನಿನಲ್ಲಿ ನೀನು ಹೇಳಿದ ವಿಷಯ ಮನಸ್ಸಿನಲ್ಲೇ ಉಳಿದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಎಂಟು ಜನರ ತಂಡದ ಹೊಣೆ ನಿನ್ನ ಮೇಲೆ ಬಿದ್ದು ಮೂರು ತಿಂಗಳಾಯಿತು. ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು ಹೊಸದಾಗಿ ಸೇರಿದ ಹುಡುಗಿ ಎರಡು ದಿನ ಮೊದಲೇ ಗಮನಿಸಿದ್ದರೂ ಬಾಯಿ ಬಿಡಲಿಲ್ಲ, ಕೊನೆಗೆ ಗ್ರಾಹಕರೇ ಅದನ್ನು ಎತ್ತಿ ತೋರಿಸಿದರು ಎಂದೆ. "ಗೊತ್ತಿದ್ದೂ ಹೇಳದವರನ್ನು ಇಟ್ಟುಕೊಂಡು ಒಳ್ಳೆಯ ತಂಡ ಕಟ್ಟುವುದು ಹೇಗಮ್ಮ?" ಎಂದು ಕೇಳಿದೆ. ನನಗೆ ಮಾತ್ರ ಆ ಹುಡುಗಿಯದೇ ಯೋಚನೆಯಾಯಿತು, ಏಕೆಂದರೆ ಒಂದು ಕಾಲದಲ್ಲಿ ನಾನೂ ಹಾಗೆಯೇ ಸುಮ್ಮನಿದ್ದವಳು.

ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ರಾತ್ರಿ ಪಾಳಿಯಲ್ಲಿ, ಒಬ್ಬ ರೋಗಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟುಬಿಟ್ಟೆ. ಆ ವಾರ್ಡಿನಲ್ಲಿ ತಪ್ಪು ಮಾಡಿದವರನ್ನು ಎಲ್ಲರೆದುರು ನಿಲ್ಲಿಸಿ ಬೈಯುವ ಪದ್ಧತಿಯಿದ್ದುದರಿಂದ, ಡಾಕ್ಟರಿಗೆ ತಿಳಿಸಬೇಕಾದ ನಾನು ಎರಡು ಗಂಟೆ ಆ ರೋಗಿಯ ನಾಡಿ ಹಿಡಿದು ಕುಳಿತೆನೇ ಹೊರತು ಯಾರಿಗೂ ಹೇಳಲಿಲ್ಲ. ದೇವರ ದಯೆಯಿಂದ ಏನೂ ಆಗಲಿಲ್ಲ, ಆದರೆ ಆ ಎರಡು ಗಂಟೆಗಳನ್ನು ನಾನು ಇಂದಿಗೂ ಮರೆತಿಲ್ಲ. ಮುಂದೆ ಬೇರೊಂದು ವಾರ್ಡಿಗೆ ಹೋದಾಗ ಅಲ್ಲಿನ ಹಿರಿಯ ಸಿಸ್ಟರ್ ತಪ್ಪಿನ ಸುದ್ದಿ ಕೇಳಿದ ಕೂಡಲೇ ಮೊದಲು "ರೋಗಿ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು, ಆಮೇಲೆ "ಇದು ಆದದ್ದು ಹೇಗೆ?" ಎಂದು. ಯಾರು ಮಾಡಿದ್ದು ಎಂಬ ಪ್ರಶ್ನೆ ಅವರ ಬಾಯಿಂದ ಮೊದಲಿಗೆ ಬಂದದ್ದನ್ನು ನಾನು ಕೇಳಿಲ್ಲ. ಹಾಗೆ ಕೇಳಿದ್ದರಿಂದಲೇ ಒಂದೇ ಬಣ್ಣದ ಚೀಟಿಯ ಎರಡು ಔಷಧಿಗಳು ಒಂದೇ ಟ್ರೇಯಲ್ಲಿ ಇರುತ್ತಿದ್ದವೆಂಬುದು ಹೊರಬಂದು, ಅವುಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವ ವ್ಯವಸ್ಥೆಯಾಯಿತು.

ಅಮೆರಿಕದ ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರೆಂದು ನಿವೃತ್ತಿಗೆ ಮೊದಲಿನ ಒಂದು ತರಬೇತಿಯಲ್ಲಿ ಕೇಳಿದೆ. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರಬೇಕೆಂದು ಅವರು ಎಣಿಸಿದ್ದರು, ಆದರೆ ಆ ತಂಡಗಳ ಲೆಕ್ಕದಲ್ಲೇ ತಪ್ಪುಗಳು ಹೆಚ್ಚು ಕಂಡವು. ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಇದನ್ನು ಕೇಳಿದಾಗ ನನ್ನ ಎರಡು ವಾರ್ಡುಗಳ ವ್ಯತ್ಯಾಸ ಏನೆಂಬುದು ನನಗೆ ಅಷ್ಟು ವರ್ಷಗಳ ಮೇಲೆ ಅರ್ಥವಾಯಿತು. ಗೂಗಲ್ ಕಂಪನಿ 2012ರಲ್ಲಿ ಆರಂಭಿಸಿ ತನ್ನ ಸುಮಾರು 180 ತಂಡಗಳನ್ನು ಪರಿಶೀಲಿಸಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಅವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯವೆಂದು ಕಂಡಿತು. ಮಾತನಾಡಿದರೆ ಅವಮಾನವಾಗುವುದಿಲ್ಲ ಎಂಬ ನಂಬಿಕೆ ಎಲ್ಲಕ್ಕಿಂತ ಮೊದಲು ಬಂದಿತು. ನಿನ್ನ ಕ್ಷೇತ್ರದ ಈ ಸಂಗತಿ ನಿನಗೆ ನನಗಿಂತ ಚೆನ್ನಾಗಿ ತಿಳಿದಿರಬೇಕು.

ನಮ್ಮ ತೋಟದ್ದನ್ನೂ ಹೇಳುತ್ತೇನೆ. ಮೊನ್ನೆ ಮೋಡ ಕವಿಯುತ್ತಿದ್ದುದನ್ನು ಕಂಡು ನಿನ್ನ ಅಪ್ಪಯ್ಯ ಅವಸರದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸಿದರು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ವರ್ಷವೇ ಕೆಲಸಕ್ಕೆ ಬಂದ ಹುಡುಗನೊಬ್ಬ, "ಅಯ್ಯಾ, ಕತ್ತಿ ಅದ್ದಿ ನೋಡಲಿಲ್ಲ" ಎಂದ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದರೆ ಅದರ ಮೇಲೆ ತಾಮ್ರದ ಕೆಂಪು ಬಣ್ಣ ಹತ್ತಿತ್ತು. ಸುಣ್ಣ ಸಾಲದಿದ್ದರೆ ಹಾಗಾಗುತ್ತದೆ; ನಮ್ಮ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿತ್ತು. ಅದನ್ನೇ ಹೊಡೆದಿದ್ದರೆ ಎಳೆಗಾಯಿಗಳು ಸುಟ್ಟುಹೋಗುತ್ತಿದ್ದವು. ನಲವತ್ತು ವರ್ಷ ತೋಟ ಮಾಡಿದವರಿಗೆ ನಿನ್ನೆ ಬಂದ ಹುಡುಗ ಹೇಳಿದನೆಂದು ಅವರು ಮುಖ ಕೆಡಿಸಿಕೊಳ್ಳಲಿಲ್ಲ, "ಒಳ್ಳೇದಾಯ್ತು ಹೇಳಿದ್ದು" ಎಂದು ಸುಣ್ಣದ ತಿಳಿ ಸೇರಿಸಿದರು. ಆ ಹುಡುಗ ಮಾರನೆಯ ದಿನ ಪಂಪಿನ ಪೈಪು ಸೀಳಿರುವುದನ್ನೂ ತಾನಾಗಿಯೇ ಬಂದು ತಿಳಿಸಿದ.

ಹೀಗೆಂದ ಮಾತ್ರಕ್ಕೆ ಕೆಲಸದಲ್ಲಿ ಸಡಿಲಬಿಡು ಎಂದು ನಾನು ಹೇಳುತ್ತಿಲ್ಲ. ಮರದ ಮೇಲಿನ ಕೊನೆಗಾರ ಹಗ್ಗದಲ್ಲಿ ಜಾರಿಸಿದ ಅಡಿಕೆ ಕೊನೆಯನ್ನು ಕೆಳಗಿನವನು ಹಿಡಿಯಲೇಬೇಕು. ಅವನು ಅತ್ತಿತ್ತ ನೋಡಿದರೆ ಕೊನೆ ನೆಲಕ್ಕೆ ಬಡಿದು ಕಾಯಿ ಚೆಲ್ಲಾಪಿಲ್ಲಿಯಾಗುತ್ತದೆ. ಯಾರ ಕೆಲಸ ಯಾವುದು, ಯಾವಾಗ ಮುಗಿಯಬೇಕು ಎಂಬುದರಲ್ಲಿ ನೀನು ಖಡಾಖಂಡಿತವಾಗಿಯೇ ಇರು.

ಆದರೆ ಆ ಹುಡುಗಿಯನ್ನು ಪ್ರಶ್ನಿಸುವ ಮೊದಲು, ಈ ಮೂರು ತಿಂಗಳಲ್ಲಿ ಯಾರಾದರೂ ತಪ್ಪು ತೋರಿಸಿದಾಗ ನಿನ್ನ ಮುಖ ಹೇಗಿತ್ತು ಎಂಬುದನ್ನು ನೆನಪಿಸಿಕೋ. ನೀನು ಚಿಕ್ಕಂದಿನಿಂದಲೂ ಎಲ್ಲವನ್ನೂ ಬೇಗ ಕಲಿತವಳು, ನಿಧಾನಿಸುವವರ ಮಾತನ್ನು ನಡುವೆಯೇ ಕತ್ತರಿಸುವ ಅಭ್ಯಾಸ ನಿನಗಿದೆ, ಮಗಳೇ. ಸೋಮವಾರದ ಮೀಟಿಂಗಿನಲ್ಲಿ ಆ ಲೆಕ್ಕವನ್ನು ಪರಿಶೀಲಿಸದೆ ಕಳುಹಿಸಿದ್ದು ನಿನ್ನ ತಪ್ಪೂ ಹೌದೆಂದು ಎಲ್ಲರೆದುರು ಮೊದಲು ನೀನೇ ಹೇಳು. ಆಮೇಲೆ ಅವಳೊಬ್ಬಳೊಡನೆ ಕುಳಿತು, "ನನಗೆ ಹೇಳಲು ನಿನಗೆ ಅಡ್ಡಿಯಾದದ್ದೇನು?" ಎಂದು ಕೇಳಿ, ಅವಳು ಮುಗಿಸುವವರೆಗೂ ಸುಮ್ಮನಿರು.

ಅವಳು ಏನು ಹೇಳಿದಳೆಂದು ನನಗೆ ತಪ್ಪದೆ ತಿಳಿಸು.

ಇತಿ,
ನಿನ್ನ ಅಮ್ಮ