ಯಾವೂರು ಅಂತ ಕೇಳಿದರೆ ಏನು ಹೇಳಲಿ, ಮಾರಾಯ?

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನ್ ಮಾಡಿದಾಗ ಮಳೆ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. "ಹೇಗಿದೀಯೋ ಪೇಟೆಯವನೇ" ಅಂದಿದ್ದು ಮಾತ್ರ ಸರಿಯಾಗಿ ಕೇಳಿಸಿತು. ಅದಕ್ಕೇ ಉತ್ತರ ಬರೆಯಲು ಕೂತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ನಮ್ಮಂಥವರು ಇಲ್ಲಿ ತುಂಬಾ ಜನ ಇದ್ದಾರೆ ಅಂತ. ಚೌಡಿ ಬನದ ಕಥೆ ಮಾತ್ರ ಹೇಳಲ್ಲ, ಹೆದರಬೇಡ.

ನಾವು ಸಣ್ಣವರಿದ್ದಾಗ ಪೇಟೆಯವರು ಅಂದರೆ ಯಾರು ಅಂತ ಅನುಮಾನವೇ ಇರಲಿಲ್ಲ, ಅಲ್ವಾ? ಹಾಲನ್ನು ದುಡ್ಡು ಕೊಟ್ಟು ತರುವವರು. ಉಂಬಳ, ಅಂದರೆ ಜಿಗಣೆ, ಕಂಡರೆ ಕಿರುಚುವವರು. ಆ ಮಾತಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸ್ವಲ್ಪ ಕನಿಕರವೂ ಇತ್ತು. ಪೇಟೆ ಅಂದರೆ ವ್ಯಾಪಾರದ ಜಾಗ ತಾನೇ. ಬೆಂಗಳೂರಿನಲ್ಲೂ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಅಂತ ಸರಕಿನ ಮೇಲೇ ಹೆಸರು. ನಮಗೂ ಸಾಗರ ಪೇಟೆ, ಈಗ ನಾನಿರುವ ಊರು, ಅಂದರೆ ಅಡಿಕೆ ಮಂಡಿ, ಬಟ್ಟೆ ಅಂಗಡಿ, ಬಸ್‌ಸ್ಟ್ಯಾಂಡ್. ಹೋಗಿ ಬರುವ ಜಾಗ. ಇರುವ ಜಾಗ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ನಿನ್ನ ಊರಿನ ಹೆಸರು ಇನ್ನೂ ಚೆಂದ. ಹಾಸ್ಟೆಲಿನಲ್ಲಿ "ನಾನು ನಗರದವನು" ಅಂದರೆ ಎಲ್ಲರೂ "ಯಾವ ನಗರ?" ಅನ್ನುತ್ತಿದ್ದರು. ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಕರೆದ. ಕಾಲ ಕಳೆದಂತೆ ಹೈದರ್ ಬಿಟ್ಟುಹೋಗಿ ಬರೀ ನಗರ ಉಳಿಯಿತು. ರಾಜಧಾನಿ ಹಳ್ಳಿಯಾಯಿತು, ಹೆಸರು ಮಾತ್ರ ಅದೇ. ನಿಮ್ಮ ತಾಲ್ಲೂಕಿನ ಹುಂಚದಲ್ಲೇ ನೋಡು, 11ನೇ ಶತಮಾನದಲ್ಲಿ ನೊಕ್ಕಯ್ಯ ಅನ್ನುವ ಸೆಟ್ಟಿ ಪಟ್ಟಣಸ್ವಾಮಿ, ಅಂದರೆ ಪಟ್ಟಣದ ವರ್ತಕರ ಮುಖ್ಯಸ್ಥ, ಅನ್ನಿಸಿಕೊಂಡಿದ್ದ. ಅವನು ಕಟ್ಟಿಸಿದ ಬಸದಿಗೂ ಅದೇ ಹೆಸರು. ಈಗ ಎಲ್ಲಾ ತಲೆ ಎಣಿಕೆ. ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರಕ್ಕೆ ನಗರಸಭೆ. ಸಾಗರ ನಗರಸಭೆಯಾಗಿದೆ. ಆ ಲೆಕ್ಕದಲ್ಲಿ ನಾನೂ ನಗರದವನೇ.

ಆದರೆ ನನ್ನ ತಲೆಯಲ್ಲಿ ಕೂತಿರುವುದು ಬೇರೆ ಮಾತು. ಪೌರ. ಪುರದಲ್ಲಿ ಇರುವವನು ಪೌರ. ಶಾಲೆಯಲ್ಲಿ ಪೌರನೀತಿ ಅಂತ ಪಾಠ ಇತ್ತು. ದೇಶದ ಮಟ್ಟಕ್ಕೆ ಹೋದರೆ ಪೌರತ್ವ. ನಗರಸಭೆಯ ಅಧಿಕಾರಿ ಪೌರಾಯುಕ್ತ. ಆದರೆ "ನಾನು ಈ ಊರಿನ ಪೌರ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀಯಾ? ಜನರ ಬಾಯಲ್ಲಿ ದಿನಾ ಓಡಾಡುವುದು ಪೌರಕಾರ್ಮಿಕ ಅನ್ನುವಾಗ ಮಾತ್ರ. ಊರಿನವನು ಅನ್ನುವ ಹೆಸರು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದು ಊರಿನ ಕಸ ಬಳಿಯುವವರಿಗೆ.

ನಮ್ಮ ಬೀದಿಗೆ ಬರುವ ಅಕ್ಕ ಒಬ್ಬರಿದ್ದಾರೆ. ಬೆಳಕು ಹರಿಯುವ ಮೊದಲೇ ಕಡ್ಡಿ ಪೊರಕೆಯ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಹಲಸಿನ ಎಲೆ ಟಾರಿಗೆ ಅಂಟಿಬಿಡುತ್ತದಲ್ಲ, ಪೊರಕೆಗೆ ಬರಲ್ಲ. ಬಗ್ಗಿ ಒಂದೊಂದನ್ನೇ ಉಗುರಿನಿಂದ ಎಬ್ಬಿಸುತ್ತಾರೆ. ಚರಂಡಿ ಕಟ್ಟಿಕೊಂಡರೆ ಪೊರಕೆ ತಿರುಗಿಸಿ ಕೋಲಿನ ತುದಿಯಿಂದ ಚುಚ್ಚಿ ನೀರು ಬಿಡುತ್ತಾರೆ. ಒಂದು ದಿನ ನಾನು ಗೇಟಿನ ಹತ್ತಿರ ನಿಂತಿದ್ದೆ. "ನಿಮ್ದು ಯಾವೂರಣ್ಣ?" ಅಂತ ಕೇಳಿದರು. ನಮ್ಮ ಹಳ್ಳಿ ಹೆಸರು ಹೇಳಿದೆ. "ನಿಮ್ದು?" ಅಂದೆ.

"ನಮ್ದು ಇದೇ ಊರು. ನಮ್ಮಜ್ಜಿನೂ ಇದೇ ಬೀದಿ ಗುಡಿಸಿದ್ದು."

ಆಮೇಲೆ ಆ ದಿನ ಯಾವ ಕೆಲಸಕ್ಕೂ ಮನಸ್ಸು ಹೋಗಲಿಲ್ಲ. ಅಜ್ಜಿಯ ಕಾಲದಲ್ಲಿ ಈ ಕೆಲಸ ಅಂದರೆ ತಲೆ ಮೇಲೆ ಮಲ ಹೊರುವುದೂ ಆಗಿತ್ತು. ಅದನ್ನು ನಿಲ್ಲಿಸಲು ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ಬರಬೇಕಾಯಿತು. ಅದಾಗಿ ಎಷ್ಟೋ ವರ್ಷದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು, ನೆನಪಿದೆಯಾ? ತಾವು ವಾಸವಿದ್ದ ಜಾಗದಿಂದ ಪುರಸಭೆ ಎಬ್ಬಿಸುತ್ತಿದೆ ಅಂತ. ತಲೆಮಾರಿನಿಂದ ಊರು ತೊಳೆದವರು, ಊರಲ್ಲಿ ಇರಲು ಬಿಡಿ ಅಂತ ಹಾಗೆ ಕೇಳಬೇಕಾಯಿತು. ವರ್ಷಕ್ಕೊಮ್ಮೆ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಮಾಡುತ್ತೇವೆ. ಹಾರ ಹಾಕಲಿ, ಒಳ್ಳೆಯದೇ. ಆದರೆ ಮಳೆಗಾಲಕ್ಕೆ ಸರಿಯಾದ ಬೂಟು, ಕೈಗವಸು ಮೊದಲು ಸಿಗಬೇಕು. ಊರೊಳಗೆ ಒಂದು ಮನೆ ಸಿಗಬೇಕು. ಇದನ್ನು ನಾನು ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ಇನ್ನೊಂದು ಹೇಳುತ್ತೇನೆ. ಬರೆಯಲು ಕೂತಾಗ ಹೇಳಬೇಕು ಅಂತ ಇರಲಿಲ್ಲ. ಅಪ್ಪ ಹೋದಮೇಲೆ ಹಿಸ್ಸೆ ಆಯಿತಲ್ಲ, ಮನೆ, ತೋಟ ಎಲ್ಲಾ ಚಿಕ್ಕಪ್ಪನ ಪಾಲಿಗೆ ಹೋಯಿತು. ಜಗಳ ಏನಿಲ್ಲ, ಲೆಕ್ಕ ಚುಕ್ತಾ. ಆದರೆ ಈಗ ಅಲ್ಲಿಗೆ ಹೋದರೆ ಚಿಕ್ಕಮ್ಮ ಕುಡಿಯಲು ನೀರು, ಬೆಲ್ಲ ತಂದು ಇಡುತ್ತಾರೆ. ನಮ್ಮ ಮನೆಯಲ್ಲಿ ನನಗೆ ನೀರು, ಬೆಲ್ಲ! ಬಂದವರಿಗೆ ಕೊಡುವುದು ಅದು. ಜಗಲಿಯಲ್ಲಿ ಕೂತು ತಿಂದೆ, ಗಂಟಲಲ್ಲಿ ಇಳಿಯಲಿಲ್ಲ. ಆದರೂ ಯಾರಾದರೂ ಯಾವೂರು ಅಂದರೆ ಬಾಯಿಗೆ ಬರುವುದು ಅದೇ ಹೆಸರು. ಓಟು ಸಾಗರದಲ್ಲಿ, ರೇಷನ್ ಕಾರ್ಡ್ ಸಾಗರದ್ದು, ಮಗಳು ಹುಟ್ಟಿದ್ದು ಇಲ್ಲೇ. ಅವಳನ್ನು ಕೇಳಿದರೆ "ಸಾಗರ" ಅಂತಾಳೆ, ಒಂದು ಕ್ಷಣ ಯೋಚಿಸಲ್ಲ. ಆ ಅಕ್ಕನ ಹಾಗೇ. ಇಬ್ಬರನ್ನು ಕಂಡರೂ ನನಗೆ ಹೊಟ್ಟೆಕಿಚ್ಚಾಗುತ್ತದೆ ಕಣೋ. ಈ ಊರನ್ನು ನಮ್ಮೂರು ಅನ್ನಲು ನನಗೆ ಯಾಕೆ ಇಷ್ಟು ಕಷ್ಟ?

ಸಾಕು, ಜಾಸ್ತಿ ಆಯಿತು. ಇದನ್ನು ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಡ, ನಿನ್ನ ಸಮಾಧಾನದ ಮಾತು ಶುರುವಾದರೆ ಮುಗಿಯುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ನಿನಗೆ ಅಂತ ತೆಗೆದಿಟ್ಟಿದ್ದೇವೆ. ನೀನೇ ಬಂದು ತಗೊಂಡು ಹೋಗು, ಬಸ್ಸಿನಲ್ಲಿ ಕಳಿಸಲ್ಲ. ಹೋದಸಲ ಆಗಿದ್ದು ಸಾಕು! ಬರುವಾಗ ಭಟ್ಟರ ಕೊಡೆ ವಾಪಸ್ ತಾ.

ನಿನ್ನ,
ಪೇಟೆಯವನು