ರಸ್ತೆ ತಡೆದೆವು, ಟಾರ್ಗೆಟ್ ತಡೆಯಲಾಗಲಿಲ್ಲ

ಮಾನ್ಯ ಸಂಪಾದಕರೇ,

‘ಈಗಿನ ಕಾಲಕ್ಕೆ ಯೂನಿಯನ್ ಯಾಕ್ರೀ ಬೇಕು? 2016ರಲ್ಲಿ ಗಾರ್ಮೆಂಟ್ಸ್ ಹೆಂಗಸರು ಯಾವ ಯೂನಿಯನ್ನೂ ಇಲ್ಲದೆ ಕೇಂದ್ರ ಸರ್ಕಾರವನ್ನೇ ಬಗ್ಗಿಸಲಿಲ್ವಾ?’ ಮೊನ್ನೆ ಬಸ್ಸಿನಲ್ಲಿ ಪಕ್ಕದವರು ಕೇಳಿದರು. ಆ ಹೆಂಗಸರಲ್ಲಿ ನಾನೂ ಒಬ್ಬಳು.

ನಿಜ, ಅವತ್ತು ನಮ್ಮನ್ನು ಯಾರೂ ಕರೆದಿರಲಿಲ್ಲ. ಕಂಪನಿ ಹಾಕುವ ಪಿಎಫ್ ಪಾಲು 58 ವರ್ಷದವರೆಗೆ ಕೈಗೆ ಸಿಗಲ್ಲ ಎಂಬ ಹೊಸ ನಿಯಮದ ಸುದ್ದಿ ಹೊಲಿಗೆ ಲೈನಿನಿಂದ ಲೈನಿಗೆ ಹರಡಿತು. 58ರ ತನಕ ಮೆಷಿನ್ ತುಳಿಯುವವರು ನಮ್ಮಲ್ಲಿ ಎಷ್ಟು ಜನ? ಮಗಳ ಫೀಸಿಗೋ ಚೀಟಿ ಸಾಲಕ್ಕೋ ಕೆಲಸ ಬಿಟ್ಟು ಪಿಎಫ್ ತೆಗೆಯುತ್ತೇವೆ, ಅದೇ ನಮ್ಮ ಉಳಿತಾಯ. ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಇಳಿದೆವು. ಮರುದಿನವೇ ನಿಯಮ ವಾಪಸಾಯಿತು. (ಆ ಗಲಾಟೆಯಲ್ಲಿ ಬಸ್ಸಿಗೆ ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಇವತ್ತೂ ಹೇಳಲ್ಲ.)

ಆಮೇಲಿನ ಕತೆ ಯಾರೂ ಕೇಳಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹಾಗೇ ಇತ್ತು. ಬಾತ್‌ರೂಮಿಗೆ ಎದ್ದರೆ ಪೀಸ್ ಗುಡ್ಡೆ ಬೀಳುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಸೂಪರ್‌ವೈಸರ್ ಬಾಯಲ್ಲಿ ‘ಹೋಗೇ, ಬಾರೇ’ ಬಿಟ್ಟರೆ ಬೇರೆ ಮಾತಿಲ್ಲ. ಒಮ್ಮೆ ನಾನೊಬ್ಬಳೇ ಹೋಗಿ ಓಟಿ ದುಡ್ಡು ಕೇಳಿದೆ. ಟೈಲರ್ ಆಗಿದ್ದವಳನ್ನು ಹದಿನೈದು ದಿನ ದಾರ ಕತ್ತರಿಸಲು ಕೂರಿಸಿದರು. ಇದಕ್ಕೆಲ್ಲ ಹೊಸೂರು ರಸ್ತೆ ತಡೆಯೋಕಾಗುತ್ತಾ? ಮ್ಯಾನೇಜರ್ ಎದುರು ಕೂತು ಕೇಳುವವರು ಬೇಕು, ಅದೂ ದಿನಾ.

ಯೂನಿಯನ್‌ನವರೆಲ್ಲ ಸಾಚಾ ಅಂತಲ್ಲ. ಒಂದೇ ಗೇಟಿಗೆ ಎರಡು ಬಾವುಟ, ಎರಡು ಮೈಕು. ಹಲವು ಕಡೆ ಲೈನಿನಲ್ಲಿ ಹೆಂಗಸರು, ಮೈಕು ಹಿಡಿದವರು ಗಂಡಸರು. ಸಂಜೆ ಏಳಕ್ಕೆ ಮೀಟಿಂಗ್ ಇಟ್ಟರೆ ಅಡುಗೆ ಮಾಡೋರು ಯಾರು?

ಆದರೆ ಕಾನೂನೂ ಬದಲಾಗಿದೆ ನೋಡಿ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ, ಕಾರ್ಮಿಕರು ಒಪ್ಪಿ ಬರೆದುಕೊಟ್ಟರೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು. ಮುಂದಿಟ್ಟ ಕಾಗದಕ್ಕೆ ‘ಸಹಿ ಹಾಕಲ್ಲ’ ಎಂದು ಹೊಸದಾಗಿ ಸೇರಿದ ಹೆಲ್ಪರ್ ಹುಡುಗಿ ಒಬ್ಬಳೇ ನಿಂತು ಹೇಳುತ್ತಾಳಾ? 2025ರ ನವೆಂಬರ್‌ನಲ್ಲಿ ಜಾರಿಯಾದ ಕೇಂದ್ರದ ಕಾರ್ಮಿಕ ಸಂಹಿತೆಯಂತೂ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಿ ಎನ್ನುತ್ತದೆ. ನಾವು 2016ರಲ್ಲಿ ಎದ್ದು ಹೊರಟ ಹಾಗೆ ಈಗ ಹೊರಟರೆ ಕಾನೂನು ಮುರಿದ ಹಾಗೆ. ಆ ನೋಟಿಸ್ ಬರೆಯೋಕಾದರೂ ಒಂದು ಸಂಘ ಬೇಕಲ್ವಾ?

ಇಷ್ಟೆಲ್ಲ ಬಸ್ಸಿನಲ್ಲೇ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರ ಸ್ಟಾಪ್ ಬಂತು.

– ಮಾಜಿ ಗಾರ್ಮೆಂಟ್ಸ್ ಕಾರ್ಮಿಕೆ, ಬೊಮ್ಮನಹಳ್ಳಿ, ಬೆಂಗಳೂರು