ಕ್ವಿಲ್ಟಿನ ಹಿಂಬದಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ, ಅಂದರೆ ಕ್ವಿಲ್ಟ್ ಬಗ್ಗೆ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ತುಂಡುಗಳ ಮೂಲೆಗಳು ಒಂದಕ್ಕೊಂದು ಕೂಡದಿದ್ದರೆ ‘ಕೈ ಪಳಗಬೇಕು’ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದು ಸರಿಯೆನಿಸಲಿಲ್ಲ. ಹೊಲಿಗೆ ಹೇಳಿಕೊಡುವ ನಾನು ಕಂಡಂತೆ, ತೊಂದರೆ ಬಹುಪಾಲು ಅಳತೆಯಲ್ಲೇ ಇರುತ್ತದೆ. ಹೊಲಿಗೆಗೆಂದು ಅಂಚಿನಲ್ಲಿ ಕಾಲಿಂಚು ಬಿಡಬೇಕಾದಲ್ಲಿ 1/32 ಇಂಚು ಹೆಚ್ಚು ಬಿಟ್ಟರೂ ಎರಡು ತುಂಡು ಸೇರಿ 1/16 ಇಂಚು ನುಂಗಿಹೋಗುತ್ತದೆ. ಎಂಟು ಹೊಲಿಗೆಯ ಸಾಲಿನಲ್ಲಿ ಅದು ಅರ್ಧ ಇಂಚು! ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ ನೋಡಿ. ನಡುವಿನದು ಸರಿಯಾಗಿ ಒಂದಿಂಚು ಉಳಿಯಬೇಕು. ಉಳಿಯದಿದ್ದರೆ ಮುಂದಕ್ಕೆ ಹೋಗಲೇಬೇಡಿ.

ಇನ್ನು ಇಸ್ತ್ರಿ. ಒಂದು ಸಾಲಿನ ಹೊಲಿಗೆ ಅಂಚುಗಳನ್ನು ಎಡಕ್ಕೆ, ಮುಂದಿನ ಸಾಲಿನವನ್ನು ಬಲಕ್ಕೆ ಮಡಿಸಿ ಒತ್ತಬೇಕು. ಸಾಲುಗಳನ್ನು ಎದುರುಬದುರಾಗಿಟ್ಟು ಬೆರಳಲ್ಲಿ ಸವರಿದರೆ ಎರಡು ಉಬ್ಬುಗಳು ಒಂದಕ್ಕೊಂದು ತಾಗಿ ಕೂರುವುದು ಗೊತ್ತಾಗುತ್ತದೆ. ಪಿನ್ನು ಚುಚ್ಚಬೇಕಾದ್ದು ಅಲ್ಲೇ. ಮೇಲಿನ ಅಂಚು ಸೂಜಿಯ ಕಡೆ ಮುಖಮಾಡಿದ್ದರೆ ಮಷಿನ್ನೇ ಅದನ್ನು ಒತ್ತಿ ಕೂರಿಸುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಇಡಿ, ಉಜ್ಜಬೇಡಿ. ಓರೆಯಾಗಿ ಕತ್ತರಿಸಿದ ತ್ರಿಕೋನಗಳಂತೂ ಕ್ಷಣದಲ್ಲಿ ಹಿಗ್ಗಿಬಿಡುತ್ತವೆ.

ಮುಂದಿನ ಬಾರಿ ಬಣ್ಣದ ಮುಂಭಾಗದ ಜೊತೆ ಹಿಂಬದಿಯ ಚಿತ್ರವನ್ನೂ ಅಚ್ಚುಹಾಕಿ. ಕಲಿಯುವವರು ನೋಡಬೇಕಾದ್ದು ಅದನ್ನೇ.

– ಹೊಲಿಗೆ ಶಿಕ್ಷಕಿ